ಹುದ್ದೆಗೆ ತಕ್ಕ ಭಾಷೆ

ಉದ್ಯೋಗವನ್ನು ಬಯಸಿ ಬರುವ ಅಭ್ಯರ್ಥಿಗೆ ಎರಡು ಭಾಷೆಗಳು ತಿಳಿದಿರಲೇಬೇಕೆಂದು ಉದ್ಯೋಗದಾತರು ವಿಧಿಸುವುದು ನ್ಯಾಯವೇ? ವಿಧಿಸದಿದ್ದರೆ, ಸೇವೆಯನ್ನು ಅರಸಿ ಬಂದ ನಾಗರಿಕನ ಮಾತು ಕಚೇರಿಯಲ್ಲಿ ಯಾರಿಗೂ ಅರ್ಥವಾಗದೆ ಹೋಗಬಹುದು. ವಿಧಿಸಿದರೆ, ಕೆಲಸವನ್ನು ಚೆನ್ನಾಗಿ ಬಲ್ಲವನೊಬ್ಬನು ಭಾಷೆಯೊಂದನ್ನು ಅರಿಯನೆಂಬ ಕಾರಣಕ್ಕಾಗಿಯೇ ಜೀವನೋಪಾಯದಿಂದ ವಂಚಿತನಾಗಬಹುದು. ಈ ಇಕ್ಕಟ್ಟನ್ನು ಬಹುಕಾಲ ಎದುರಿಸಿದ ದೇಶ ಕೆನಡಾ.

ಕೆನಡಾದಲ್ಲಿ ಇಂಗ್ಲಿಷ್ ಭಾಷಿಕರೇ ಹೆಚ್ಚು. ಕ್ವಿಬೆಕ್ ಪ್ರಾಂತದಲ್ಲಿ ಮಾತ್ರ ಫ್ರೆಂಚ್ ಭಾಷಿಕರು ಬಹುಸಂಖ್ಯಾತರು. ಆದರೂ ಆ ಪ್ರಾಂತದ ದೊಡ್ಡ ಉದ್ಯಮಗಳಲ್ಲಿ ಮೇಲಿನ ಹುದ್ದೆಗಳ ಭಾಷೆ ಇಂಗ್ಲಿಷೇ ಆಗಿತ್ತು. ಮೇಲೇರಬಯಸಿದ ಫ್ರೆಂಚ್ ಭಾಷಿಕನು ಎರಡು ಭಾಷೆಗಳನ್ನು ಕಲಿಯಬೇಕಾಗಿತ್ತು. ಇಂಗ್ಲಿಷ್ ಭಾಷಿಕನಿಗೆ ಒಂದೇ ಸಾಕಾಗಿತ್ತು. 1963ರಲ್ಲಿ ನೇಮಕಗೊಂಡ ಆಯೋಗವೊಂದು ಈ ಸ್ಥಿತಿಯನ್ನು ಪರಿಶೀಲಿಸಿ, ಫ್ರೆಂಚ್ ಭಾಷಿಕರ ಸರಾಸರಿ ಆದಾಯವು ಇಂಗ್ಲಿಷ್ ಭಾಷಿಕರದಕ್ಕಿಂತ ಬಹಳ ಕಡಿಮೆಯೆಂಬುದನ್ನು ತೋರಿಸಿಕೊಟ್ಟಿತು.

ಇದರ ಫಲವಾಗಿ 1969ರಲ್ಲಿ ಆಡಳಿತ ಭಾಷೆಗಳ ಕಾಯಿದೆ ಬಂದಿತು. ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ ಎರಡೂ ಭಾಷೆಗಳಿಗೆ ಸಮಾನ ಸ್ಥಾನ ದೊರೆಯಿತು. ಆದರೆ ಪ್ರತಿಯೊಬ್ಬ ನೌಕರನೂ ಎರಡು ಭಾಷೆ ಬಲ್ಲವನಾಗಿರಬೇಕೆಂದು ಸರ್ಕಾರ ಹೇಳಲಿಲ್ಲ. ಭಾಷೆಯ ನಿಬಂಧನೆಯನ್ನು ವ್ಯಕ್ತಿಗೆ ಅಂಟಿಸದೆ ಹುದ್ದೆಗೆ ಅಂಟಿಸಿತು. ಕೆಲವು ಹುದ್ದೆಗಳಿಗೆ ಇಂಗ್ಲಿಷ್ ಸಾಕು. ಕೆಲವಕ್ಕೆ ಫ್ರೆಂಚ್ ಸಾಕು. ಕೆಲವಕ್ಕೆ ಇವೆರಡರಲ್ಲಿ ಯಾವುದಾದರೊಂದು ಸಾಕು. ಉಳಿದವಕ್ಕೆ ಎರಡೂ ಬೇಕು. ಹಾಗೆ ಎರಡೂ ಬೇಕಾದಲ್ಲಿಯೂ ಓದುವ, ಬರೆಯುವ, ಮಾತನಾಡುವ ಸಾಮರ್ಥ್ಯಗಳನ್ನು ಬೇರೆ ಬೇರೆಯಾಗಿ ಅಳೆಯುವರು. ಕೆಲವು ಹುದ್ದೆಗಳಿಗೆ ಆಯ್ಕೆಯಾದವರು ನೇಮಕದ ತರುವಾಯ ಭಾಷೆಯನ್ನು ಕಲಿಯಲು ಅವಕಾಶವೂ ಉಂಟು.

ಕ್ವಿಬೆಕ್ ಪ್ರಾಂತವು ಇದೇ ಪ್ರಶ್ನೆಯನ್ನು ಇನ್ನೊಂದು ಬದಿಯಿಂದ ನೋಡಿತು. ಅಲ್ಲಿ 1977ರಲ್ಲಿ ಬಂದ ಫ್ರೆಂಚ್ ಭಾಷಾ ಸನ್ನದಿನ ಪ್ರಕಾರ, ಕೆಲಸದ ಸ್ವರೂಪವೇ ಬೇಡದ ಹೊರತು, ಉದ್ಯೋಗದಾತರು ಫ್ರೆಂಚ್ ಅಲ್ಲದ ಮತ್ತೊಂದು ಭಾಷೆಯ ಜ್ಞಾನವನ್ನು ಅಭ್ಯರ್ಥಿಯಿಂದ ಅಪೇಕ್ಷಿಸಕೂಡದು. 2022ರ ತಿದ್ದುಪಡಿಯು ಇದನ್ನು ಮತ್ತಷ್ಟು ಬಿಗಿಗೊಳಿಸಿತು. ಆ ಭಾಷೆಯ ಅಗತ್ಯ ನಿಜವಾಗಿಯೂ ಇದೆಯೇ, ಅದನ್ನು ಬಲ್ಲ ನೌಕರರು ಈಗಾಗಲೇ ಸಾಕಷ್ಟು ಇಲ್ಲವೇ ಎಂಬುದನ್ನು ಉದ್ಯೋಗದಾತರು ಮೊದಲು ಪರಿಶೀಲಿಸಬೇಕು; ಅಂತಹ ಹುದ್ದೆಗಳನ್ನು ಆದಷ್ಟು ಮಿತಗೊಳಿಸಬೇಕು.

ಒಂದು ಕಾಯಿದೆ ಎರಡು ಭಾಷೆಗಳನ್ನು ಬೇಡುತ್ತದೆ, ಇನ್ನೊಂದು ಹಾಗೆ ಬೇಡುವುದನ್ನು ತಡೆಯುತ್ತದೆ. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವಾಗಿ ತೋರಬಹುದು. ಆದರೆ ಎರಡಕ್ಕೂ ಅಳತೆಗೋಲು ಒಂದೇ: ಈ ಕೆಲಸಕ್ಕೆ ಆ ಭಾಷೆ ನಿಜವಾಗಿಯೂ ಬೇಕೇ? 2021ರ ಜನಗಣತಿಯಂತೆ ಕೆನಡಾದಲ್ಲಿ ಎರಡೂ ಭಾಷೆಗಳಲ್ಲಿ ಮಾತನಾಡಬಲ್ಲವರು ನೂರಕ್ಕೆ ಸುಮಾರು 18 ಮಂದಿ ಮಾತ್ರ. ಎಲ್ಲ ಹುದ್ದೆಗಳಿಗೂ ಎರಡು ಭಾಷೆ ಕಡ್ಡಾಯವಾದರೆ ಉಳಿದ 82 ಮಂದಿಗೆ ಬಾಗಿಲು ಮುಚ್ಚಿದಂತಾಗುವುದು. ಯಾವ ಹುದ್ದೆಗೂ ಕಡ್ಡಾಯವಲ್ಲದಿದ್ದರೆ ಅಲ್ಪಸಂಖ್ಯಾತ ಭಾಷಿಕನು ತನ್ನ ಸರ್ಕಾರದ ಮುಂದೆಯೇ ಮೂಕನಾಗುವನು.

ಹಲವು ಭಾಷೆಗಳ ನಾಡಾದ ನಮಗೂ ಈ ವಿವೇಕ ಸಲ್ಲುತ್ತದೆ. ಹಳ್ಳಿಯ ಬ್ಯಾಂಕಿನಲ್ಲಿ ಸಾಲದ ವಿಷಯ ವಿಚಾರಿಸುವ ರೈತನ ಎದುರಿಗೆ ಕುಳಿತ ಗುಮಾಸ್ತನಿಗೆ ರೈತನ ನುಡಿ ಬರಲೇಬೇಕು. ಒಳಕೋಣೆಯಲ್ಲಿ ಯಂತ್ರವನ್ನು ದುರಸ್ತಿ ಮಾಡುವ ಕುಶಲ ಕೆಲಸಗಾರನಿಗೆ, ಆ ಕೆಲಸಕ್ಕೆ ಬೇಡದ ಭಾಷೆಯೊಂದು ಬಾರದೆಂದು ಕೆಲಸವನ್ನು ನಿರಾಕರಿಸುವುದು ತರವಲ್ಲ. ಭಾಷೆಯು ಜನಸೇವೆಯ ಸಾಧನವಾಗಬೇಕೇ ಹೊರತು ಜನರನ್ನು ಹೊರಗಿಡುವ ಅಡ್ಡಗೋಡೆಯಾಗಬಾರದು.