ಎರಡು ಜೀವ, ಒಂದು ಕೊಯ್ತಾ

ದೀಪಾವಳಿಯ ಹಣತೆಯಲ್ಲಿ ಎಣ್ಣೆಯ ಪಸೆ ಇನ್ನೂ ಆರಿರುವುದಿಲ್ಲ, ಜಳಕೋಟದ ಸುತ್ತಲಿನ ತಾಂಡಾಗಳಲ್ಲಿ ಕಬ್ಬು ಕಡಿಯಲು ಹೊರಡುವವರ ಗಂಟುಮೂಟೆ ಶುರುವಾಗುತ್ತದೆ. ಜೋಳದ ಚೀಲ, ತಾಡಪತ್ರಿ, ಬಿದಿರು ಗಳ, ಕಾಲು ಕಟ್ಟಿದ ಕೋಳಿ, ಒಂದು ಮೇಕೆ, ಜೋಳಿಗೆ ಕಟ್ಟಲು ಹಳೆಯ ಸೀರೆ. ಟ್ರ್ಯಾಕ್ಟರಿನ ಹಿಂದಿನ ಜೋಡಿ ಟ್ರಾಲಿಗಳಲ್ಲಿ ಸಂಸಾರಕ್ಕೆ ಸಂಸಾರವೇ ಏರಿ ಕೂರುತ್ತದೆ. ಸೋಯಾ ರಾಶಿ ಮುಗಿದರೆ ಈ ಕಲ್ಲುನೆಲದಲ್ಲಿ ಕೂಲಿ ಸಿಗುವುದು ಕಡಿಮೆ. ಹೊಸ್ತಿಲಲ್ಲಿ ಕುಂತ ಮುದುಕಿಯ ಮಡಿಲಿಗೆ ಶಾಲೆಗೆ ಹೋಗುವ ಮೊಮ್ಮಗ. ಇನ್ನೂ ಹಾಲು ಬಿಡದ ಕೂಸು ಟ್ರಾಲಿಗೆ.

ಈಗ ಮಹಾರಾಷ್ಟ್ರದಲ್ಲಿರುವ ಪಕ್ಕದ ಉದಗೀರ 1956ರವರೆಗೆ ಬೀದರ ಜಿಲ್ಲೆಯದೇ. ಗಡಿ ಸರಿದರೂ ಈ ಸೀಮೆಯಲ್ಲಿ ಒಬ್ಬರ ಮನೆಮಾತು ಕನ್ನಡ, ಇನ್ನೊಬ್ಬರದು ಲಂಬಾಣಿ, ಸಂತೆಗೆ ಮರಾಠಿ. ಕಬ್ಬಿನ ಶಬ್ದ ಮಾತ್ರ ಎಲ್ಲರಿಗೂ ಒಂದೇ: ಮುಂಗಡಕ್ಕೆ ಉಚಲ್, ಮೇಸ್ತ್ರಿಗೆ ಮುಕಾದಮ್, ರಜೆಯ ದಂಡಕ್ಕೆ ಖಾಡಾ. ಇನ್ನೊಂದು, ಕೊಯ್ತಾ.

ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಮುಕಾದಮನ ವಹಿಯಲ್ಲಿ ಅದರ ಅರ್ಥ ಬೇರೆ. ಅಲ್ಲಿ ಗಂಡ-ಹೆಂಡತಿ ಸೇರಿ ಒಂದು ಕೊಯ್ತಾ. ಜೋಡಿಯಿಲ್ಲದ ಗಂಡಸು ಅರ್ಧ ಕೊಯ್ತಾ. ಉಚಲ್ ಹೆಚ್ಚು ಸಿಗುವುದು ಜೋಡಿಗೆ. ಕಾರ್ತಿಕದೊಳಗೆ ಹುಡುಗನಿಗೊಂದು ಲಗ್ನ ಮಾಡಿಬಿಡುವ ಅವಸರದ ಬೇರು ಇಲ್ಲೂ ಇದೆ.

ಗದ್ದೆಯಲ್ಲಿ ನಸುಕಿಗೇ ಕೆಲಸ. ಇಬ್ಬನಿ ತುಂಬಿದ ರವದಿ ಮೊಣಕೈ ಗೀರುತ್ತದೆ. ಅವನು ಬುಡಕ್ಕೆ ಏಟು ಹಾಕುತ್ತಾನೆ, ಅವಳು ಸೋಗೆ ಸವರಿ ಕಟ್ಟು ಕಟ್ಟುತ್ತಾಳೆ. ಒಂದೊಂದು ಕಟ್ಟು ಮೂವತ್ತು-ನಲವತ್ತು ಕಿಲೋ. ಅದನ್ನು ತಲೆ ಮೇಲೆ ಹೊತ್ತು, ಟ್ರಾಲಿಗೆ ಒರಗಿಸಿದ ಇಕ್ಕಟ್ಟಿನ ಹಲಗೆ ಹತ್ತಬೇಕು. ವಾಹನ ನಡುರಾತ್ರಿ ಬಂದರೆ ನಡುರಾತ್ರಿಗೇ ಎದ್ದು ಹೇರಬೇಕು. ಅವರು ತಂಗುವ ತಾಡಪತ್ರಿಯ ಕೊಪ್ಪಿಗೆ ಪಾಯಖಾನೆಯಿಲ್ಲ, ನೀರು ದೂರ. ಮುಟ್ಟಿನ ನೋವಿಗೆ ಒಂದು ದಿನ ಮಲಗಿದರೂ ಖಾಡಾ ಬೀಳುತ್ತದೆ, ಅದೂ ಜೋಡಿಯ ಲೆಕ್ಕದಲ್ಲಿ. "ಮಲಗಿದ್ರ ಹ್ಯಾಂಗ್ರಿ, ಉಚಲ್ ಹರೀಬೇಕಲ್ಲ" ಅನ್ನುವುದು ಈ ಕೊಪ್ಪುಗಳ ದಿನದ ಮಾತು.

ಹೀಗಾಗಿ ಗರ್ಭಕೋಶವೇ ತೊಂದರೆಯೆಂದು ತೆಗೆಸಿಕೊಂಡವರಿದ್ದಾರೆ. ಪಕ್ಕದ ಬೀಡ ಜಿಲ್ಲೆಯಲ್ಲಿ 2019ರಲ್ಲಿ ರಾಜ್ಯ ಸರ್ಕಾರ ನೇಮಿಸಿದ ನೀಲಮ್ ಗೋರ್ಹೆ ಸಮಿತಿಯ ಸಮೀಕ್ಷೆಗೆ ಸಿಕ್ಕ 82,309 ಕಬ್ಬಿನ ಹೆಂಗಸರಲ್ಲಿ 13,861 ಮಂದಿಗೆ ಆ ಶಸ್ತ್ರಚಿಕಿತ್ಸೆ ಆಗಿತ್ತು. ಆಸ್ಪತ್ರೆಯ ಬಿಲ್ಲಿಗೂ ಮುಕಾದಮನ ಮುಂದೆಯೇ ಕೈ ಒಡ್ಡಬೇಕು. ಅದು ಮುಂದಿನ ಹಂಗಾಮಿನ ಉಚಲ್ ಆಗಿ ಬೆಳೆಯುತ್ತದೆ. ಕಾರ್ಮಿಕರಿಗೆ ಚಿಕಿತ್ಸೆ ಕೊಡಲೆಂದು ಬಂದ 1948ರ ಇಎಸ್‌ಐ ಕಾಯ್ದೆ ಹಂಗಾಮಿ ಕಾರ್ಖಾನೆಗಳನ್ನು ಹೊರಗಿಟ್ಟಿತು. ಆ ಪಟ್ಟಿಯಲ್ಲಿ ಸಕ್ಕರೆಯೂ ಇತ್ತು, ಬೆಲ್ಲವೂ ಇತ್ತು. ಗದ್ದೆಯಲ್ಲಿ ಕಡಿಯುವವರ ಮಾತಂತೂ ದೂರ: ಅವರು ಕಾರ್ಖಾನೆಯ ಆಳೂ ಅಲ್ಲ, ರೈತನ ಆಳೂ ಅಲ್ಲ. ಸಕ್ಕರೆಗೆ ಯಜಮಾನರಿದ್ದಾರೆ, ಇವರಿಗೆ ಮುಕಾದಮನೊಬ್ಬನೇ.

ಕೂಲಿ ಏರಿಲ್ಲವೆಂದಲ್ಲ. 2024ರ ಜನವರಿಯಲ್ಲಿ ಶರದ್ ಪವಾರ್, ಪಂಕಜಾ ಮುಂಡೆ ಮಧ್ಯಸ್ಥರಾಗಿ ಕೂತು ಮಾತಾಡಿ ಮಹಾರಾಷ್ಟ್ರದ ದರವನ್ನು ಶೇ. 34ರಷ್ಟು ಏರಿಸಿದರು. ಟನ್ನಿಗೆ 366 ರೂಪಾಯಿ. ಒಂದು ಜೋಡಿ ದಿನಕ್ಕೆ ಎರಡು ಟನ್ ಕಡಿದರೆ 732. ಇಬ್ಬರಿಗೆ ಹಂಚಿದರೆ ತಲೆಗೆ ಮತ್ತೆ ಅದೇ 366. ರಾತ್ರಿ ಹೇರಿದ್ದಕ್ಕೆ ಬೇರೆ ಕಾಲಮ್ಮಿಲ್ಲ.

ಕಾರ್ಖಾನೆಯವರು ಸಕ್ಕರೆ ದರ ಬಿದ್ದಿದೆ ಅನ್ನುತ್ತಾರೆ. ಎಷ್ಟೋ ವರ್ಷ ಅದು ಸುಳ್ಳೂ ಅಲ್ಲ. ರೈತ ಕಬ್ಬಿನ ದರಕ್ಕಾಗಿ ಬೀದಿಗಿಳಿಯುತ್ತಾನೆ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ದಿನಗಟ್ಟಲೆ ಕೂತು ಟನ್ನಿಗೆ 3,300 ರೂಪಾಯಿ ಪಡೆದ. ಅದು ಅವನ ಹಕ್ಕು. ಆದರೆ ದರದ ಇಂಥ ಮಾತುಕತೆಗೆ ಕುರ್ಚಿ ಹಾಕುವಾಗ ಕಬ್ಬು ಕಡಿದವಳಿಗೆ ಒಂದನ್ನೂ ಹಾಕುವುದಿಲ್ಲ. ನನಗೆ ಕಾರ್ಖಾನೆಯ ಲಾಭಕ್ಕಿಂತ ಸಿಟ್ಟು ಬರುವುದು ಈ ಕುರ್ಚಿಯ ಲೆಕ್ಕಕ್ಕೆ.

ಟ್ರ್ಯಾಕ್ಟರು ಉದಗೀರದ ರಸ್ತೆಗೆ ತಿರುಗುತ್ತದೆ. ಬೀದರ ಕಡೆಯ ರಸ್ತೆಯಲ್ಲಿ ಇಂಥದೊಂದು ಟ್ರಾಲಿ ನಿಮಗೆ ಎದುರಾದರೆ ಒಮ್ಮೆ ಎಣಿಸಿ ನೋಡಿ. ಮುಕಾದಮನ ವಹಿಯಲ್ಲಿ ಹತ್ತು ಕೊಯ್ತಾ ಎಂದು ಬರೆದಿದ್ದರೆ ಅದರಲ್ಲಿ ದುಡಿಯುವ ಕೈ ನಲವತ್ತು. ಮಕ್ಕಳನ್ನು ಆ ವಹಿಯಲ್ಲಿ ಬರೆಯುವುದಿಲ್ಲ.