ನಿಮಗಿದು ಗೊತ್ತೆ? ಧ್ರುವದ ಬಾವಿ, ಹಿಮದೊಳಗಿನ ಕಣ್ಣುಗಳು
ಭೂಮಿಯ ದಕ್ಷಿಣ ಧ್ರುವಬಿಂದುವಿನಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 2,835 ಮೀಟರ್ ಎತ್ತರದ ಹಿಮಪ್ರಸ್ಥಭೂಮಿಯ ಮೇಲಿರುವ ಅಮೆರಿಕದ ಅಮುಂಡ್‌ಸೆನ್-ಸ್ಕಾಟ್ ಸಂಶೋಧನಾ ಕೇಂದ್ರದಲ್ಲಿ 1956ರಿಂದ ಮನುಷ್ಯವಾಸವು ಅವಿಚ್ಛಿನ್ನವಾಗಿ ನಡೆದುಬಂದಿದೆ. ಸೆಪ್ಟೆಂಬರಿನಲ್ಲಿ ಉದಯಿಸಿದ ಸೂರ್ಯನು ಅಲ್ಲಿ ಮಾರ್ಚಿನಲ್ಲಿಯೇ ಅಸ್ತಮಿಸುವನು. ಫೆಬ್ರುವರಿಯ ನಡುವಿನಿಂದ ಅಕ್ಟೋಬರಿನ ಕೊನೆಯವರೆಗೆ ಸಾಮಾನ್ಯವಾಗಿ ವಿಮಾನಸಂಚಾರವೇ ಇಲ್ಲ.

ಕಾಲಡಿಯಲ್ಲಿ ಎರಡೂವರೆ ಕಿಲೋಮೀಟರಿಗೂ ಮಿಕ್ಕಿದ ದಪ್ಪದ ಮಂಜುಗಡ್ಡೆಯಿದ್ದರೂ, ಅದನ್ನು ಕರಗಿಸಲು ಬೇಕಾದ ಇಂಧನವು ಬಹುದೂರದಿಂದ ಬರಬೇಕಾದುದರಿಂದ, ನೀರು ಅಲ್ಲಿ ಅಮೂಲ್ಯ ವಸ್ತು. ವಿದ್ಯುಜ್ಜನಕ ಯಂತ್ರಗಳಿಂದ ವ್ಯರ್ಥವಾಗಬಹುದಾಗಿದ್ದ ಶಾಖದಿಂದಲೇ ಹಿಮದ ಆಳದಲ್ಲಿ ಬಾವಿಯೊಂದನ್ನು ಕರಗಿಸಿ, ಆ ನೀರನ್ನು ಮೇಲೆತ್ತಿ ಬಳಸುವ ಉಪಾಯವು ನಿಜಕ್ಕೂ ಶ್ಲಾಘನೀಯ. ಸ್ನಾನ ವಾರಕ್ಕೆ ಎರಡೇ ಸಲ, ಅದೂ ಎರಡೆರಡು ನಿಮಿಷ.

ಇಷ್ಟೆಲ್ಲ ಕ್ಲೇಶವನ್ನು ಸಹಿಸುವುದೇತಕ್ಕೆಂದರೆ, ಆ ಹಿಮರಾಶಿಯೇ ಒಂದು ಅಪೂರ್ವ ಪ್ರಯೋಗಸಾಧನ. ಯಾವ ಪದಾರ್ಥವನ್ನಾದರೂ ತಡೆಯಿಲ್ಲದೆ ಭೇದಿಸಿಹೋಗುವ ನ್ಯೂಟ್ರಿನೊ ಎಂಬ ಸೂಕ್ಷ್ಮಕಣವು ಕ್ವಚಿತ್ತಾಗಿ ಹಿಮದ ಪರಮಾಣುವೊಂದನ್ನು ತಾಕಿದಾಗ ಹೊಮ್ಮುವ ಕ್ಷೀಣ ನೀಲಪ್ರಭೆಯನ್ನು ಗ್ರಹಿಸಲು, 1,450ರಿಂದ 2,450 ಮೀಟರ್ ಆಳದಲ್ಲಿ, ಸ್ವಚ್ಛವೂ ಗಾಢಾಂಧಕಾರಮಯವೂ ಆದ ಸುಮಾರು ಒಂದು ಘನ ಕಿಲೋಮೀಟರ್ ಹಿಮದೊಳಗೆ 5,160 ಬೆಳಕುಗ್ರಾಹಕಗಳನ್ನು ಇಳಿಬಿಟ್ಟಿದ್ದಾರೆ. 2010ರಲ್ಲಿ ಪೂರ್ಣಗೊಂಡ ಈ ಐಸ್‌ಕ್ಯೂಬ್ ವೀಕ್ಷಣಾಲಯವು ಸೌರಮಂಡಲದಾಚೆಯಿಂದ ಬಂದ ಮಹಾಶಕ್ತಿಯ ನ್ಯೂಟ್ರಿನೊಗಳಿಗೆ 2013ರಲ್ಲಿ ಪ್ರಮಾಣ ಒದಗಿಸಿತು. ನಮ್ಮ ಆಕಾಶಗಂಗೆಯಿಂದಲೇ ಹೊರಟವುಗಳ ಸುಳಿವನ್ನು 2023ರಲ್ಲಿ ಪ್ರಕಟಿಸಿತು.