ಹಳೆಯ ಜಾಲತಾಣವೂ ಹುಡುಕುವವರ ಕಣ್ಣೂ

ಕಳೆದ ಬೇಸಿಗೆಯ ರಜೆಯಲ್ಲಿ ಒಂದು ಸಂಜೆ ತಂದೆಯವರು ಕುಣಿಮಗ್ಗದಿಂದ ಮೇಲೆದ್ದು ಬಂದು, "ತಮ್ಮಾ, ಆ ಫೋನಿನ್ಯಾಗ ಜಗತ್ತೆಲ್ಲ ಸಿಗತೈತಂತ, ನಮ್ಮ ಸಂಘದ ಖಣ ಯಾಕ ಸಿಗವಲ್ದು?" ಎಂದು ಕೇಳಿದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೊಬ್ಬನೇ. ಅವರಿಗೆ ಉತ್ತರ ಹೇಳಲಾರದೆ ನಾನು ತಲೆ ತಗ್ಗಿಸಬೇಕಾಯಿತು. ಆ ಉತ್ತರವನ್ನು ಅರಸುತ್ತ ಕಲಿತ ನಾಲ್ಕು ಮಾತುಗಳನ್ನು ಗುರುಹಿರಿಯರ ಹಾಗೂ ಸಹಪಾಠಿಗಳ ಮುಂದಿಡುವುದೇ ಈ ಕಿರುಲೇಖನದ ಉದ್ದೇಶ.

ನಮ್ಮ ನೇಕಾರರ ಸಂಘಕ್ಕೆ 2008ರಲ್ಲಿ ಮಾಡಿಸಿದ ಒಂದು ಜಾಲತಾಣವಿದೆ. ಗುಳೇದಗುಡ್ಡದ ಖಣದ ಬಗೆಗಳೆಲ್ಲ ಅದರಲ್ಲಿವೆ. ಆದರೆ ಗೂಗಲ್‌ನಲ್ಲಿ ಹುಡುಕಿದರೆ ಮಾರುವವರ ಅಂಗಡಿಗಳು ಕಾಣುತ್ತಿದ್ದವೇ ಹೊರತು ನೇಯುವವರ ಸಂಘ ಕಾಣುತ್ತಿರಲಿಲ್ಲ. ಮೊದಲ ಸ್ಥಾನ ಕೊಡಿಸುವೆನೆಂದು ಒಬ್ಬ ಏಜೆಂಟರು ಸಂಘದ ಒಂದು ವರ್ಷದ ಉಳಿತಾಯದಷ್ಟು ಹಣ ಕೇಳಿದ್ದರಂತೆ. ಅಂತಹ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ತನ್ನ ಮಾರ್ಗದರ್ಶಿಯಲ್ಲಿ ಹೇಳಿದೆ.

ಶೋಧಯಂತ್ರದ ಕೆಲಸವು ಗ್ರಂಥಪಾಲಕರ ಕೆಲಸದಂತಹುದು. ಅದು ಕೊಂಡಿಯಿಂದ ಕೊಂಡಿಗೆ ಸಾಗುತ್ತ ಪುಟಗಳನ್ನು ಓದುತ್ತದೆ. ಓದಿದ್ದನ್ನು ಸೂಚಿಯಲ್ಲಿ ಸೇರಿಸುತ್ತದೆ. ಯಾರಾದರೂ ಕೇಳಿದಾಗ ಆ ಸೂಚಿಯಿಂದ ಆಯ್ದು, ತಕ್ಕದ್ದೆಂದು ತೋರಿದ ಕ್ರಮದಲ್ಲಿ ಮುಂದಿಡುತ್ತದೆ. ಸೂಚಿಗೆ ಸೇರದ ಗ್ರಂಥವು ಕಪಾಟಿನಲ್ಲಿದ್ದೂ ಇಲ್ಲದಂತೆಯೇ ಸರಿ.

ನಮ್ಮ ತಾಣದ ರೋಗವೂ ಅಲ್ಲಿಯೇ ಇತ್ತು. ಅದರ ಬರಹವೆಲ್ಲ ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿತ್ತು. ಅಂತಹ ಬರಹ ಕಣ್ಣಿಗೆ ಕನ್ನಡ. ಯಂತ್ರಕ್ಕೆ ರೋಮನ್ ಅಕ್ಷರಗಳ ಗೊಂದಲ. 'ಖಣ' ಎಂಬ ಪದವು ಯಂತ್ರಕ್ಕೆ 'ಆರ್' ಮತ್ತು 'ಟಿ' ಎಂಬೆರಡು ಅಕ್ಷರಗಳು ಮಾತ್ರ! ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದೆ. ಹುಡುಕುವವರು ಬರೆಯುವುದು ಅದರಲ್ಲಿ, ನಾವು ಬರೆದಿಟ್ಟದ್ದು ಇನ್ನೊಂದರಲ್ಲಿ. ಇಬ್ಬರೂ ಸಂಧಿಸುವುದೆಂತು? ಪರೀಕ್ಷೆ ಸುಲಭ: ಪುಟದ ಒಂದು ಸಾಲನ್ನು ನಕಲು ಮಾಡಿ ಹುಡುಕುವ ಪೆಟ್ಟಿಗೆಯಲ್ಲಿ ಅಂಟಿಸಿದರೆ, ಕನ್ನಡ ಹೋಗಿ ರೋಮನ್ ಕಲಸುಮೇಲೋಗರ ಬರುತ್ತದೆ.

ಸಂಘದ ಕಾರ್ಯದರ್ಶಿಗಳು ತಾಣದ ಗುಪ್ತಪದವನ್ನು ಹಳೆಯ ಲೆಕ್ಕದ ಪುಸ್ತಕದಿಂದ ಹುಡುಕಿ ಕೊಟ್ಟರು. ಉಚಿತವಾಗಿ ದೊರೆಯುವ ಪರಿವರ್ತಕದಿಂದ 22 ಪುಟಗಳನ್ನೂ ಯೂನಿಕೋಡಿಗೆ ತಂದೆ. ಅರ್ಕಾವೊತ್ತು ಬಂದೆಡೆ ಪರಿವರ್ತಕವು ಎಡವುವುದುಂಟು. ಆದುದರಿಂದ ಪ್ರತಿ ಸಾಲನ್ನೂ ಓದಿ ತಿದ್ದಿದೆ.

ಮುಂದಿನ ಕೆಲಸಗಳಿಗೂ ಬೇಕಾದದ್ದು ಹಣವಲ್ಲ, ತಾಳ್ಮೆ. ಎಲ್ಲ ಪುಟಗಳಿಗೂ 'ಮುಖಪುಟ' ಎಂಬ ಒಂದೇ ಶೀರ್ಷಿಕೆಯಿತ್ತು. ಒಂದೊಂದಕ್ಕೂ ಅದರ ವಿಷಯ ಹೇಳುವ ಶೀರ್ಷಿಕೆ ಕೊಟ್ಟೆ. ಖಣದ ಹೆಸರು, ಬೆಲೆಗಳು ಚಿತ್ರದೊಳಗೆ ಅಡಗಿದ್ದವು. ಅವನ್ನು ಅಕ್ಷರದಲ್ಲಿಯೂ ಬರೆದೆ. ಗೂಗಲ್ ಈಗ ಪುಟದ ಮೊಬೈಲ್ ರೂಪವನ್ನೇ ಓದಿ ಸೂಚಿಗೆ ಸೇರಿಸುವುದರಿಂದ, ಅಕ್ಷರಗಳು ಸಣ್ಣ ಪರದೆಗೆ ಹೊಂದುವಂತೆ ಮಾಡಿದೆ. ಪುಟಗಳ ವಿಳಾಸಗಳನ್ನು ಮಾತ್ರ ಬದಲಿಸಲಿಲ್ಲ. ಬದಲಿಸಿದರೆ, ಹಳೆಯ ವಿಳಾಸದಿಂದ ಹೊಸದಕ್ಕೆ ದಾರಿ ತೋರಿಸಲೇಬೇಕು. ಇಲ್ಲವಾದರೆ ಇತರರು ಕೊಟ್ಟ ಕೊಂಡಿಗಳೆಲ್ಲ ವ್ಯರ್ಥವಾಗುತ್ತವೆ. ಕೊನೆಗೆ, ಗೂಗಲ್‌ನ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ ತಾಣವನ್ನು ನೋಂದಾಯಿಸಿ ಪುಟಗಳ ಪಟ್ಟಿಯನ್ನು ಒಪ್ಪಿಸಿದೆ. ಜನರು ಯಾವ ಪದಗಳಿಂದ ಹುಡುಕಿದಾಗ ನಮ್ಮ ತಾಣ ಕಾಣಿಸಿತೆಂಬುದನ್ನೂ ಅದು ತಿಳಿಸುತ್ತದೆ.

ಒಂದೇ ಪದವನ್ನು ನೂರು ಸಲ ತುರುಕುವ ಉಪಾಯವನ್ನು ಕೆಲವರು ಸೂಚಿಸಿದರು. ಯಂತ್ರವು ಅದನ್ನು ವಂಚನೆಯೆಂದೇ ಎಣಿಸುತ್ತದೆ. ಪುಟದ ಮರೆಯಲ್ಲಿ ಬರೆಯುವ 'ಕೀವರ್ಡ್' ಪಟ್ಟಿಯನ್ನು ಕ್ರಮಾಂಕಕ್ಕೆ ತಾನು ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಸಾರಿದೆ. ಕೊಳ್ಳುವವರು ಕೇಳುವ ಪ್ರಶ್ನೆಗೆ ನೇಯುವವರೇ ಕೊಡುವ ಸರಳ ಉತ್ತರಕ್ಕಿಂತ ಮಿಗಿಲಾದ ಉಪಾಯ ನನಗೆ ಕಾಣಲಿಲ್ಲ. ಬಣ್ಣ ಹೋಗುವುದೇ, ಒಗೆಯುವುದು ಹೇಗೆ ಎಂಬುದನ್ನು ತಂದೆಯವರು ಹೇಳಿದರು, ನಾನು ಬರೆದೆ.

ಆರು ವಾರಗಳ ತರುವಾಯ ನಮ್ಮ ತಾಣ ಕಾಣಿಸಿತು; ಮೊದಲ ಸ್ಥಾನದಲ್ಲಲ್ಲ, ಎರಡನೆಯ ಪುಟದಲ್ಲಿ. ದೀಪಾವಳಿಯ ಮುಂಚೆ ಸೊಲ್ಲಾಪುರದಿಂದ ಒಬ್ಬ ತಾಯಿ ಸಂಘಕ್ಕೆ ಫೋನು ಮಾಡಿ ಹನ್ನೆರಡು ಖಣ ತರಿಸಿಕೊಂಡರು. ಬೆಟ್ಟದಷ್ಟು ಲಾಭವೇನೂ ಆಗಲಿಲ್ಲ. ಆದರೆ ಆ ಖಣಗಳಲ್ಲಿ ನಾಲ್ಕು ನಮ್ಮ ಮಗ್ಗದವು. ತಂದೆಯವರ ಪ್ರಶ್ನೆಗೆ ನನ್ನಿಂದಾದ ಉತ್ತರ ಅಷ್ಟು. ಹಳೆಯ ಅಕ್ಷರಗಳಲ್ಲಿ ಹೂತುಹೋದ ಕನ್ನಡದ ತಾಣಗಳು ಇನ್ನೂ ಇವೆ. ಸಹಪಾಠಿಗಳು ತಮ್ಮ ಊರಿನ ಒಂದೊಂದನ್ನು ರಜೆಯಲ್ಲಿ ಕೈಗೆತ್ತಿಕೊಂಡರೆ ಈ ಬರಹ ಸಾರ್ಥಕ.